ಕಡೇ ಸೋಮವಾರದ ಸೋಲು

"ಈ ಹಲಗೆ ಬರೆಸಿದವರು ಯಾರು?"

"ನಾನೇ," ಎಂದರು ಚೆನ್ನಯ್ಯ, ಹೆಗಲ ಮೇಲಿನ ಜರಿಯಂಚಿನ ಶಲ್ಯ ಸರಿಮಾಡಿಕೊಳ್ಳುತ್ತ. "ಮೈಸೂರಿಂದ ಪೇಂಟರನ್ನ ಕರೆಸಿ ಬರೆಸಿದ್ದು. ಅಪ್ಪಟ ಚಿನ್ನದ ರೇಕು. ಯಾಕೆ, ಚೆನ್ನಾಗಿಲ್ವೆ?"

ಪಂಚಾಕ್ಷರಯ್ಯನವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಗೋಡೆಯ ಹತ್ತಿರ ಹೋಗಿ ನಿಂತರು. ಅಕ್ಷರಗಳೇನೋ ಚೆನ್ನಾಗಿಯೇ ಇದ್ದವು. ಓದಿದರೆ ಮೈಯುರಿಯುತ್ತಿತ್ತು.

ಹೊಳೆನರಸೀಪುರದ ಹೇಮಾವತಿ ಕ್ಲಬ್ಬಿನ ಹಲಗೆ ಅದು. ಮೇಲೆ ದಪ್ಪಕ್ಷರದಲ್ಲಿ ಕಾರ್ಯದರ್ಶಿ ಚೆನ್ನಯ್ಯನವರ ಹೆಸರು. ಅದರ ಕೆಳಗೆ ಅವರ ಮಗ ಬಸವರಾಜುವಿನ ಹೆಸರು, ಮುಂದೆ ಹೀಗೆ: '೧೯೩೭ನೆಯ ನವೆಂಬರ್ ೨೯ರಂದು ಮಾರ್ಕರ್ ಕೆಂಪಣ್ಣನನ್ನು ೬-೦, ೬-೦ರಿಂದ, ಕೇವಲ ಮೂವತ್ತೈದು ನಿಮಿಷಗಳಲ್ಲಿ ಸೋಲಿಸಿದವರು.' ಎಲ್ಲಕ್ಕಿಂತ ಕೆಳಗೆ, ಅಷ್ಟು ಹೊತ್ತಿಗೆ ಚಿನ್ನದ ರೇಕು ಮುಗಿದುಹೋಗಿತ್ತೋ ಏನೋ, ಬರೀ ಬಿಳಿ ಬಣ್ಣದಲ್ಲಿ: 'ಕೆಂಪಣ್ಣ, ಸಂಬಳದ ಆಟಗಾರ. ಆಡಿದ್ದು ೮೬. ಗೆದ್ದದ್ದು ೭೯. ಸೋತದ್ದು ೭.'

ಬೆಂಗಳೂರು, ಮದರಾಸು, ತಿರುಚನಾಪಳ್ಳಿ, ಬೊಂಬಾಯಿ. ಸಂಬಳಕ್ಕೆ ಟೆನ್ನಿಸ್ ಆಡುವವರಿಗೆಂದೇ ಎಲ್ಲೆಲ್ಲಿ ಪಂದ್ಯ ನಡೆಯುತ್ತಿತ್ತೋ ಅಲ್ಲಿಗೆಲ್ಲ ಮೂರನೇ ಕ್ಲಾಸಿನ ರೈಲಿನಲ್ಲಿ ಹೋಗಿ, ಗೆದ್ದು, ಬೆಳ್ಳಿ ಬಟ್ಟಲನ್ನು ತಂದು ಕ್ಲಬ್ಬಿನ ಗಾಜಿನ ಬೀರುವಿಗೆ ಒಪ್ಪಿಸಿ, ಮಾರನೆಯ ಬೆಳಿಗ್ಗೆ ಅದೇ ಕ್ಲಬ್ಬಿನ ಮಾರ್ಕರನಾಗಿ, ಎಂದರೆ ಕೋರ್ಟು ನೋಡಿಕೊಳ್ಳುವ ಆಳಾಗಿ, ಸಗಣಿ ಸಾರಿಸಿದವನು ಕೆಂಪಣ್ಣ. ಸೋತ ಏಳು ಪಂದ್ಯಗಳಲ್ಲಿ ಆರು ಮೂರನೆಯ ಸೆಟ್ಟಿನ ತನಕ ಎಳೆದಿದ್ದವು. ಬಾಳಿನಲ್ಲಿ ಒಂದು ಸೆಟ್ಟನ್ನೂ ಸೊನ್ನೆಗೆ ಬಿಟ್ಟುಕೊಟ್ಟವನಲ್ಲ, ಆ ಏಳನೆಯದೊಂದನ್ನು ಬಿಟ್ಟರೆ.

ಈಗ ಮದರಾಸಿನ ದೊಡ್ಡ ಕ್ಲಬ್ಬೊಂದು ಅವನನ್ನು ಆಟ ಕಲಿಸುವ ಕೆಲಸಕ್ಕೆ ಕರೆದಿತ್ತು. ಕರೆ ಬಂದ ಬೆನ್ನಿಗೇ ಚೆನ್ನಯ್ಯ ಅಲ್ಲಿಗೊಂದು ದೂರು ಬರೆದು ಹಾಕಿದ್ದರು. 'ಕಾಲೇಜಿನಲ್ಲಿ ಓದುವ ಹುಡುಗನ ಎದುರಿಗೇ ನಿಲ್ಲಲಾರದವನು. ತನ್ನ ಸರ್ವೀಸಿನಲ್ಲಿ ಒಂದು ಪಾಯಿಂಟನ್ನೂ ಗಳಿಸಲಾರದೆ ಹೋದ. ಅವನ ಹೆಸರಿಗಿರುವ ಗೆಲುವುಗಳೆಲ್ಲ ನಮ್ಮ ಕ್ಲಬ್ಬು ಔದಾರ್ಯದಿಂದ ಬರೆದುಕೊಟ್ಟವು.'

ಮದರಾಸಿನವರು ಉತ್ತರ ಕೇಳಿ ಆ ದೂರಿನ ನಕಲನ್ನು ಕೆಂಪಣ್ಣನಿಗೆ ಕಳಿಸಿದ್ದರು; ಓದು ಬಾರದ ಅವನು ಅದನ್ನು ಪಂಚಾಕ್ಷರಯ್ಯನವರ ಹತ್ತಿರ ತಂದಿದ್ದ. ಔದಾರ್ಯ ಎಂಬ ಆ ಮಾತನ್ನು ಓದಿದಂದಿನಿಂದ ಅವರಿಗೆ ಅನ್ನ ಸೇರಿರಲಿಲ್ಲ. ಪೊಲೀಸ್ ಇನ್ಸ್‌ಪೆಕ್ಟರಾಗಿ ಪೆನ್ಷನ್ ಪಡೆದು ಹಾಸನದಲ್ಲಿ ಮನೆ ಮಾಡಿಕೊಂಡು ನಾಲ್ಕು ವರ್ಷವಾಗಿತ್ತು. ಅವರ ಕೋಪಕ್ಕೆ ಮಾತ್ರ ಇನ್ನೂ ಪೆನ್ಷನ್ ಬಂದಿರಲಿಲ್ಲ. ಹೊಟ್ಟೆಗೆ ಹೊಡೆಯುವವರನ್ನು ಅವರು ಸರ್ವೀಸಿನಲ್ಲಿ ಬೇಕಾದಷ್ಟು ಕಂಡಿದ್ದರು. ಮನುಷ್ಯ ಗೆದ್ದ ಗೆಲುವನ್ನೇ ಕದಿಯುವವನನ್ನು ಕಂಡದ್ದು ಇದೇ ಮೊದಲು. ಹೆಣದ ಮೇಲಿನ ಬಟ್ಟೆ ಕದಿಯುವವನಾದರೂ ಬಟ್ಟೆ ಬೇಕಾಗಿ ಕದಿಯುತ್ತಾನೆ.

ಶನಿವಾರದೊಳಗೆ ಉತ್ತರ ಹೋಗದಿದ್ದರೆ ಆ ಕೆಲಸ ಬೇರೆಯವನಿಗೆ. ಆಮೇಲೆ ಯಾವ ಊರಿನ ಕ್ಲಬ್ಬೂ ಕೆಂಪಣ್ಣನನ್ನು ಗೇಟಿನೊಳಗೆ ಬಿಡುವುದಿಲ್ಲ. ಇವತ್ತು ಗುರುವಾರ.

"ಕೋರ್ಟು ನೋಡಬಹುದೆ?" ಎಂದು ಕೇಳಿದರು.

"ಧಾರಾಳವಾಗಿ."

ಇಬ್ಬರೂ ಹಿಂದಿನ ಜಗುಲಿಗೆ ಬಂದರು. ಕೋರ್ಟು ಕನ್ನಡಿಯ ಹಾಗಿತ್ತು. ಸುತ್ತ ಬಿದಿರು ತಡಿಕೆ, ನಡುವೆ ಬಲೆ, ಬಲೆಯ ಎರಡು ಕಡೆಯೂ ಸುಣ್ಣದ ಗೆರೆ. ಆಚೆ ಮೂಲೆಯಲ್ಲಿ ಹುಲ್ಲು ಹೊದಿಸಿದ ಚಪ್ಪರದ ಕೆಳಗೆ ರೋಣಗಲ್ಲು ಮಲಗಿತ್ತು. ಕಣದಲ್ಲಿ ರಾಗಿ ತೆನೆಯ ಮೇಲೆ ಎತ್ತು ಕಟ್ಟಿ ಉರುಳಿಸುತ್ತಾರಲ್ಲ, ಅಂಥದೇ ದುಂಡನೆಯ ಕಲ್ಲು, ಆದರೆ ಅದಕ್ಕಿಂತ ಒಂದು ಕೈ ದಪ್ಪ.

"ಕಣ ಮಾಡಿದ ಹಾಗೆ ಮಾಡಿದ್ದೀರಿ."

"ಕಣವೇ ಅನ್ನಿ. ಹುತ್ತದ ಮಣ್ಣು ಹಾಕಿ, ನೀರು ಕುಡಿಸಿ, ರೋಣಗಲ್ಲು ಓಡಿಸಿ, ಮೇಲೆ ಸಗಣಿ ಸಾರಿಸ್ತೀವಿ. ಕಲ್ಲು ಓಡಿಸದಿದ್ದರೆ ಚೆಂಡು ನೆಲ ಬಿಟ್ಟು ಏಳೋದಿಲ್ಲ. ಪಂದ್ಯದ ದಿನ ಬೆಳಿಗ್ಗೆ ಓಡಿಸಲೇಬೇಕು, ಅದು ನಮ್ಮ ಕ್ಲಬ್ಬಿನ ಕಟ್ಟುನಿಟ್ಟು."

ಚಪ್ಪರದ ಗೂಟಕ್ಕೆ ಒಂದು ಬಿದಿರ ಬೊಂಬು ಒರಗಿಸಿತ್ತು. ಅದರ ಎರಡು ತುದಿಗೂ ಗೋಣಿ ಸುತ್ತಿ ಹುರಿಯಿಂದ ಬಿಗಿದಿದ್ದರು. ನೊಗವೆನ್ನೋಣವೆಂದರೆ ಗಿಡ್ಡ. ಎತ್ತಿನ ನೊಗಕ್ಕೆ ಯಾರೂ ಗೋಣಿ ಸುತ್ತುವುದಿಲ್ಲ. ಹೊರೆ ಹೊರುವ ಬೊಂಬಿರಬೇಕು ಎಂದುಕೊಂಡು ಪಂಚಾಕ್ಷರಯ್ಯನವರು ಕಣ್ಣು ಈಚೆ ತಿರುಗಿಸಿದರು. ಅವರ ಮನಸ್ಸೆಲ್ಲ ಬೇರೊಂದು ಕಡೆ ಇತ್ತು.

"ಕಲ್ಲೆಳೆಯೋ ಎತ್ತು ಯಾರದು?"

"ನನ್ನದೇ. ಹಳ್ಳಿಕಾರ್ ಜೋಡಿ. ಅರಕಲಗೂಡಿಂದ ಚನ್ನರಾಯಪಟ್ಟಣದವರೆಗೂ ಹುಡುಕಿ, ಅಂಥ ಜೋಡಿ ಸಿಕ್ಕಿದರೆ ಹೇಳಿ."

"ಬಸವರಾಜು ಗೆದ್ದ ಪಂದ್ಯಕ್ಕೆ ಹಿಂದಿನ ರಾತ್ರಿ ಮಳೆ ಸುರಿದು ಕೋರ್ಟೆಲ್ಲ ಕೆಸರಾಗಿತ್ತು, ಬೆಳಗಾಗೆದ್ದು ಸಿದ್ಧ ಮಾಡಿಸಿದೆವು ಅಂತ ದೂರಿನಲ್ಲಿ ಬರೆದಿದ್ದೀರಿ."

"ಬರೆದಿದ್ದೀನಿ. ಮೈಸೂರಿಂದ ಆಟಗಾರರನ್ನ ಆರಿಸೋರು ಬಂದಿದ್ದರು. ಮರುದಿನದ ರೈಲಿಗೆ ಅವರು ಹೊರಡಬೇಕಿತ್ತು. ಕೆಸರು ಅಂತ ಕೈಕಟ್ಟಿ ಕೂರೋಕಾಗುತ್ಯೆ?"

"ಕೂರೋಕಾಗೋದಿಲ್ಲ. ಆವತ್ತು ಕಲ್ಲು ಎಳೆದದ್ದೂ ಈ ಹಳ್ಳಿಕಾರ್ ಜೋಡಿಯೇನೋ?"

"ಮತ್ತಿನ್ಯಾವುದು ಸ್ವಾಮಿ?"

ಪಂಚಾಕ್ಷರಯ್ಯನವರು ನಶ್ಯದ ಡಬ್ಬಿ ತೆಗೆದರು. ಒಂದು ಚಿಟಿಕೆ ಏರಿಸಿ, ಮೂಗು ಒರೆಸಿಕೊಂಡು, ಡಬ್ಬಿಯನ್ನು ಮತ್ತೆ ಕೋಟಿನ ಜೇಬಿಗೆ ಸೇರಿಸಿದರು.

"ನಮ್ಮ ಮನೆಯವರು ಗಂಗಾಂಬಿಕೆ ಅಂತ. ಹಳೇ ಪಂಚಾಂಗ ಒಂದನ್ನೂ ಬಿಸಾಡೋದಿಲ್ಲ. ದೂರಿನಲ್ಲಿದ್ದ ಆ ತಾರೀಕು ಹೇಳಿ ಯಾವ ವಾರ ನೋಡು ಅಂದೆ. ನೋಡೋದೇನು, ಆವತ್ತು ನಾನು ಉಪವಾಸ ಇದ್ದೆನಲ್ಲ ಅಂದಳು. ಸೋಮವಾರ, ಚೆನ್ನಯ್ಯನವರೆ. ಅದೂ ಕಡೇ ಕಾರ್ತೀಕ ಸೋಮವಾರ."

ಚೆನ್ನಯ್ಯನವರ ಹಣೆಯ ಮೇಲಿನ ವಿಭೂತಿಯ ಮೂರು ಗೆರೆಗಳು ಒಮ್ಮೆ ಮೇಲೇರಿ ಇಳಿದವು.

ಆ ಸೀಮೆಯಲ್ಲಿ ಸೋಮವಾರವೆಂದರೆ ಬಸವಣ್ಣನ ವಾರ. ಆವತ್ತು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ನೇಗಿಲು ಹೂಡುವುದಿಲ್ಲ, ಗಾಡಿ ಕಟ್ಟುವುದಿಲ್ಲ, ಕಣ ತುಳಿಸುವುದಿಲ್ಲ. ಮಳೆ ಬಂದು ರಾಗಿ ಕೊಚ್ಚಿಹೋದರೂ ಮಂಗಳವಾರದವರೆಗೆ ಕಾಯುತ್ತಾರೆ. ಹೋದ ವರ್ಷ ಸೋಮವಾರ ಗಾಡಿ ಕಟ್ಟಿದನೆಂದು ಒಬ್ಬ ಬಡ ಒಕ್ಕಲನನ್ನು ಈಶ್ವರನ ಗುಡಿಯ ಮುಂದೆ ಮಂಡಿಯೂರಿಸಿ ತಪ್ಪುಕಾಣಿಕೆ ಹಾಕಿಸಿದ ಭಕ್ತರು ಯಾರೆಂದರೆ ಇದೇ ಚೆನ್ನಯ್ಯ.

"ಈಗ ಎರಡರಲ್ಲಿ ಒಂದು," ಎಂದರು ಪಂಚಾಕ್ಷರಯ್ಯ. ದನಿ ಏರಿಸಲಿಲ್ಲ. ಅವರಿಗೆ ನಿಜವಾಗಿ ಸಿಟ್ಟು ಬಂದಾಗ ದನಿ ಇಳಿಯುತ್ತಿತ್ತು. "ಕಡೇ ಕಾರ್ತೀಕ ಸೋಮವಾರ ನಿಮ್ಮ ಎತ್ತಿಗೆ ನೊಗ ಹಾಕಿ ಕಲ್ಲು ಎಳೆಸಿದಿರಿ ಅನ್ನಿ. ನಾನು ಆ ಮಾತನ್ನ ಗುಡಿ ಮುಂದೆ ಹತ್ತು ಜನರ ಎದುರಿಗೆ ಹೇಳ್ತೀನಿ. ಇಲ್ಲ, ಎತ್ತು ಕಟ್ಟಿಲ್ಲ ಅನ್ನಿ. ಕಲ್ಲು ಓಡಲಿಲ್ಲ, ಕೋರ್ಟು ಕೆಸರಾಗೇ ಇತ್ತು, ಪಂದ್ಯ ನಡೀಲೇ ಇಲ್ಲ. ಆರಿಸೋರಿಗೆ ಕಾಗದದ ಮೇಲಿನ ಗೆಲುವು ತೋರಿಸಿ ಕಳಿಸಿದಿರಿ. ಸುಳ್ಳಿಗೊಂದು ತಾರೀಕು ಬೇಕಾಗಿತ್ತು, ಇಂಗ್ಲಿಷ್ ಕ್ಯಾಲೆಂಡರು ನೋಡಿ ಹಾಕಿದಿರಿ. ವಾರ ನೋಡೋಕೆ ಮರೆತಿರಿ."

ಚೆನ್ನಯ್ಯ ಕೋರ್ಟಿನ ಕಡೆ ನೋಡಿದರು. ಚಪ್ಪರದ ಕಡೆ ನೋಡಿದರು. ಆಮೇಲೆ ನೆಲ ನೋಡಿದರು.

"ಎಂಬತ್ತಾರು ಪಂದ್ಯ ಆಡಿದವನು ಅವನು," ಎಂದು ಪಂಚಾಕ್ಷರಯ್ಯ ಮುಂದುವರಿಸಿದರು. "ಅವನು ತಂದ ಬೆಳ್ಳಿ ಬಟ್ಟಲು ಬೀರುವಿನಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸ್ತೀರಿ. ಅವನು ಅದೇ ಬಟ್ಟಲಲ್ಲಿ ನೀರು ಕುಡೀತೀನಿ ಅಂದರೆ ಬಿಡ್ತೀರಾ? ನಿಮ್ಮ ಮಗನಿಗೆ ಒಂದು ಗೆಲುವು ಬೇಕಾಗಿತ್ತು, ಕೇಳಿ ಇಸಕೋಬಹುದಾಗಿತ್ತು. ಅವನ ಎಪ್ಪತ್ತೊಂಬತ್ತನ್ನೂ ಯಾಕೆ ಸುಟ್ಟಿರಿ?"

ಚೆನ್ನಯ್ಯ ಕೂಗಾಡುತ್ತಾರೆ, ಆಳುಗಳನ್ನು ಕರೆಯುತ್ತಾರೆ, ಡೆಪ್ಯುಟಿ ಕಮಿಷನರ ಹೆಸರು ಹೇಳಿ ಹೆದರಿಸುತ್ತಾರೆ ಎಂದು ಪಂಚಾಕ್ಷರಯ್ಯ ಸಿದ್ಧರಾಗಿಯೇ ಬಂದಿದ್ದರು. ಅದೊಂದೂ ಆಗಲಿಲ್ಲ.

"ಆಯಿತು," ಎಂದರು ಚೆನ್ನಯ್ಯ.

"ಏನಾಯಿತು?"

"ಪಂದ್ಯ ನಡೀಲಿಲ್ಲ ಅಂತಲೇ ಇಟ್ಟುಕೊಳ್ಳಿ. ಆ ಸಾಲನ್ನ ಇವತ್ತೇ ಅಳಿಸಿಬಿಡ್ತೀನಿ. ಮದರಾಸಿಗೂ ತಂತಿ ಕೊಡ್ತೀನಿ, ತಪ್ಪು ತಿಳುವಳಿಕೆ ಅಂತ. ಕೆಂಪಣ್ಣ ಸೋತದ್ದು ಆರೇ. ಸಾಕೋ?"

"ನಿಮ್ಮ ಮಗನ ಗೆಲುವು?"

"ಹೋಗಲಿ ಬಿಡಿ. ಹುಡುಗ, ಇನ್ನೊಂದು ಗೆಲ್ತಾನೆ."

ಅಷ್ಟು ಹೇಳಿ ಚೆನ್ನಯ್ಯ ಕೈಮುಗಿದರು. ಗೇಟಿನವರೆಗೂ ತಾವೇ ಬಂದು ಬೀಳ್ಕೊಟ್ಟರು.

ಪಂಚಾಕ್ಷರಯ್ಯ ಹೊಳೆಯ ಕಡೆಗೆ ನಡೆದರು. ಗೆದ್ದವರ ಹಾಗೆ ನಡೆಯಬೇಕಾಗಿತ್ತು, ಆದರೆ ಕಾಲು ಹಾಗೆ ಬೀಳಲಿಲ್ಲ. ಉಗುರು ಕೇಳಿದರೂ ಕೊಡದ ಮನುಷ್ಯ ಕೈಯನ್ನೇ ಕತ್ತರಿಸಿ ಕೊಟ್ಟಿದ್ದ. ಆ ಒಂದು ಪಂದ್ಯದ ಬಲದ ಮೇಲೆ ಬಸವರಾಜು ಮೈಸೂರಿನ ತಂಡ ಸೇರಿದ್ದ. ಮಗನಿಗೆ ಚಿನ್ನದ ರೇಕಿನಲ್ಲಿ ಬರೆಸಿದ ಗೆಲುವನ್ನು ಯಾವ ಅಪ್ಪ ಹೀಗೆ ಎಂಜಲೆಲೆಯ ಹಾಗೆ ಎಸೆಯುತ್ತಾನೆ? ಎತ್ತಿನ ಮಾತು ಎತ್ತಿದ ಕೂಡಲೇ ಅವನಿಗೆ ಅಷ್ಟೊಂದು ಹೆದರಿಕೆ ಯಾಕೆ?

ಕೆಂಪಣ್ಣ ಹೊಳೆದಂಡೆಯ ಅರಳೀಕಟ್ಟೆಯ ಮೇಲೆ ಕೂತಿದ್ದ. ಎರಡು ವರ್ಷದಿಂದಲೂ ಕ್ಲಬ್ಬಿನ ಮುಂಬಾಗಿಲಿನಿಂದ ಅವನು ಒಳಗೆ ಹೋದವನಲ್ಲ. ಶಾಂತಿಗ್ರಾಮದ ಕಡೆಯ ಒಕ್ಕಲು ಮಗ. ಉದ್ದನೆಯ ಕೈ, ಬಿಸಿಲಿಗೆ ಬೆಂದ ಮುಖ. ಪಂಚಾಕ್ಷರಯ್ಯನವರನ್ನು ಕಂಡು ಎದ್ದು ನಿಂತ.

"ಕೂತ್ಕೋ. ಕೆಲಸ ಆಯಿತು. ಆ ಸೋಲನ್ನ ಅಳಿಸ್ತಾರಂತೆ. ಮದರಾಸಿಗೆ ತಂತಿನೂ ಹೋಗುತ್ತೆ."

ಕೆಂಪಣ್ಣ ಕೂರಲಿಲ್ಲ. ನಗಲೂ ಇಲ್ಲ.

"ಏನಂತ ಒಪ್ಕಂಡ್ರು ಸಾ?"

"ಪಂದ್ಯ ನಡೀಲೇ ಇಲ್ಲ ಅಂತ. ಬಸವಣ್ಣನ ವಾರ ಎತ್ತು ಯಾರು ಕಟ್ಟುತಾರೆ, ಕಲ್ಲು ಯಾರು ಎಳೀತಾರೆ ಅಂತ ಕೇಳಿದೆ. ಬಾಯಿ ಕಟ್ಟಿಹೋಯಿತು."

ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

"ಪಂದ್ಯ ನಡೀತು ಸಾ," ಎಂದ ಕೆಂಪಣ್ಣ. "ನಾನು ಸೋತಿದ್ದು ದಿಟ."

ಪಂಚಾಕ್ಷರಯ್ಯನವರಿಗೆ ಕೈಯಲ್ಲಿದ್ದ ಕೊಡೆಯನ್ನು ಹೊಳೆಗೆ ಎಸೆದುಬಿಡುವಷ್ಟು ಸಿಟ್ಟು ಬಂತು. "ನನ್ನ ಮುಂದೆ ಆವತ್ತು ಯಾಕೆ ಹೇಳಲಿಲ್ಲ? ನಾನು ಅಲ್ಲಿ ಹೋಗಿ ಅಷ್ಟೊಂದು ವಾದ ಮಾಡಿ ಬಂದಿದ್ದೀನಲ್ಲೋ. ಎತ್ತು ಕಟ್ಟಿದ್ದರು ಅನ್ನು, ಹಾಗಾದರೆ."

"ಎತ್ತು ಕಟ್ನಿಲ್ಲ ಸಾ. ಬಸವಣ್ಣನ ವಾರ ಎತ್ತು ಕಟ್ತಾರಾ?" ಕೆಂಪಣ್ಣ ಅಂಗಿಯ ಗುಂಡಿ ಬಿಚ್ಚಿ ಬಲಗಡೆ ಕೆಳಗೆ ಜಾರಿಸಿದ. "ನನ್ನ ಕಟ್ಟಿದ್ರು."

ಬಲ ಹೆಗಲ ಮೇಲೆ, ಕತ್ತಿನ ಬುಡದಿಂದ ತೋಳಿನ ತನಕ, ಕಿತ್ತ ಗಾಯ ಮಾಗಿ ಜಡ್ಡುಗಟ್ಟಿದ ಕಪ್ಪು ಪಟ್ಟೆ. ಹಳೆಯ ಎತ್ತಿನ ಹೆಗಲಿನಲ್ಲಿ ಕಾಣುವಂಥದು.

"ಕೋರ್ಟು ನೋಡ್ಕಳೋದು ಮಾರ್ಕರ್ ಕೆಲ್ಸ, ಮದ್ಯಾನ್ನಕ್ಕೆ ಸಿದ್ದ ಇಲ್ದಿದ್ರೆ ನೀನು ಸೋತಂಗೇಯ, ಅಂದ್ರು ಚೆನ್ನಯ್ಯನೋರು. ಎತ್ತು ಕೊಡಿ ಬುದ್ಧಿ ಅಂದೆ. ಇವತ್ತು ಬಸವಣ್ಣನ ವಾರ ಕಣ್ಲಾ, ಪಾಪ ಬತ್ತದೆ ಅಂದ್ರು. ಬೊಂಬು ತರ್ಸಿ ಕೊಟ್ರು. ಬೆಳಿಗ್ಗೆ ಅತ್ತು ಗಂಟೆವರ್ಗೂ ನನ್ನ ತಲೇಲಿ ಪಂದ್ಯದ ಯೋಚ್ನೆ ಇತ್ತು ಸಾ. ಆಮೇಲೆ ಬರೀ ಎಗಲಿನ ಯೋಚ್ನೆ."

ಎತ್ತಿಗೆ ಹಾಕಿದರೆ ಪಾಪ, ಮನುಷ್ಯನಿಗೆ ಹಾಕಿದರೆ ಇಲ್ಲ. ಪಂಚಾಕ್ಷರಯ್ಯನವರು ಹಣೆಗೆ ಕೈ ಹಚ್ಚಿದರು. ಅವರ ಹಣೆಯ ಮೇಲೂ ಅದೇ ವಿಭೂತಿ ಇತ್ತು. ಅದನ್ನು ಹಚ್ಚಿಕೊಳ್ಳಲು ನಾಚಿಕೆಯಾದದ್ದು ಬಾಳಿನಲ್ಲಿ ಇದೇ ಮೊದಲು.

"ಸರ್ವೀಸಿನಲ್ಲಿ ಒಂದೂ ಪಾಯಿಂಟು ಬರಲಿಲ್ಲ ಅಂತ ಬರೆದಿದ್ದಾನೆ."

"ಕೈ ಕಿವಿಯಿಂದ ಮ್ಯಾಕೆ ಏಳ್ನಿಲ್ಲ ಸಾ. ಚೆಂಡು ಮ್ಯಾಕೆ ಎಸೀತಿದ್ದೆ, ಅದು ಬಂದು ನೆಲಕ್ಕೆ ಬೀಳ್ತಿತ್ತು. ಜನ ನಗೋರು."

"ಇದನ್ನ ಮುಚ್ಚಿಟ್ಟುಕೊಂಡು, ಕೈಲಾಗದವನು ಅನ್ನಿಸಿಕೊಂಡೆಯಲ್ಲೋ ಎರಡು ವರ್ಷ."

"ಕೈಲಾಗ್ದೋನು ಅಂದ್ರೆ ನನ್ನೊಬ್ಬನ್ನ ಅಂತಾರೆ. ನೊಗ ಒತ್ತೋನು ಅಂದ್ರೆ ನನ್ನ ಮಕ್ಕಳ್ನೂ ಅಂತಾರೆ ಸಾ."

ಪಂಚಾಕ್ಷರಯ್ಯ ಕಟ್ಟೆಯ ಮೇಲೆ ಕೂತುಬಿಟ್ಟರು. ಚಪ್ಪರದ ಕೆಳಗಿನ ಬೊಂಬು ಕಣ್ಣಮುಂದೆ ಬಂತು. ಗಿಡ್ಡ ಬೊಂಬು. ಗೋಣಿ ಸುತ್ತಿದ ಬೊಂಬು. ನೋಡಿಯೂ ನೋಡದೆ ಬಂದಿದ್ದರು.

ಗೋಣಿ ಒಂದು ತುದಿಗಲ್ಲ, ಎರಡು ತುದಿಗೂ ಸುತ್ತಿತ್ತು.

"ಕೆಂಪಣ್ಣ. ನೊಗದ ಇನ್ನೊಂದು ಕಡೆ ಯಾರಿದ್ದರು?"

ಕೆಂಪಣ್ಣ ಅಂಗಿಯನ್ನು ಮೇಲಕ್ಕೆಳೆದು ಗುಂಡಿ ಹಾಕಿಕೊಳ್ಳತೊಡಗಿದ. ಗುಂಡಿ ಕಾಜಕ್ಕೆ ಸಿಕ್ಕಲೊಲ್ಲದು.

"ಒಬ್ಬ ಎಳೆಯೋ ಕಲ್ಲಲ್ಲ ಅದು. ಯಾರಿದ್ದರು ಹೇಳು."

"ನನ್ನ ತಮ್ಮ ಸಾ. ಚಿಕ್ಕಯ್ಯ. ಎಗಲಿಗೆ ಒತ್ತದೆ ಅಂತ ತನ್ನ ಕೆಂಪು ಚೌಕುಳಿ ಟವೆಲು ಅರ್ದು ಗೋಣಿ ಕೆಳಗೆ ಸುತ್ಕಂಡಿದ್ದ."

"ಅವನೀಗ ಎಲ್ಲಿದ್ದಾನೆ?"

"ಸಕಲೇಶಪುರದ ತಾವ ಕಾಫಿ ತ್ವಾಟದಾಗೆ ಅವ್ನಂತೆ. ಚೆನ್ನಯ್ಯನೋರೇ ಸೇರ್ಸಿದ್ರಂತೆ. ನನ್ನ ಮೊಕ ನೋಡಕಿಲ್ಲ ಅಂದ್ನಂತೆ ಸಾ. ಅಂದ್ರೂ ತಪ್ಪಿಲ್ಲ." ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ಪಂದ್ಯಕ್ಕೆ ಜನ ಬರಾಕೆ ಮುಂಚೆ, ಕಲ್ನ ಚಪ್ಪರಕ್ಕೆ ಇಳಿಸ್ತಿದ್ದಾಗ ಕೆಸರಲ್ಲಿ ಜಾರ್ಬುಟ್ಟ. ಅಲ್ಲಿ ನೆಲ ಇಳಿಜಾರು, ನಾನೊಬ್ನೇ ತಡ್ಯಕಾಗ್ನಿಲ್ಲ. ಅವನ ಮ್ಯಾಗೆ ಉರುಳ್ಕಂಡು ಓಯ್ತು. ಉಸ್ರು ಇತ್ತು ಸಾ. ಅಣ್ಣಾ ಅಂದ. ಆಗ ಅಲ್ಲಿದ್ದೋರು ಚೆನ್ನಯ್ಯನೋರು, ಅವ್ರ ಕಾರಿನ ಡ್ರೈವರು, ನಾನು, ಅಷ್ಟೇಯ."

"ಆಮೇಲೆ?"

"ಕಾರಲ್ಲಿ ಆಕಿದ್ರು. ಹಾಸನದ ಆಸ್ಪತ್ರೆಗೆ ಕಳಿಸ್ತೀನಿ ಅಂದ್ರು. ನಾನೂ ಕಾರು ಅತ್ತಕೋದೆ. ಇಳಿ ಕೆಳಗೆ, ನೀನು ಆಡ್ಬೇಕು ಅಂದ್ರು. ನೀನು ಮೊದಲ್ನೇ ಚೆಂಡು ಹೊಡೆದ್ರೆ ಕಾರು ಹೊರಡ್ತದೆ, ಇಲ್ದಿದ್ರೆ ಇಲ್ಲೇ ನಿಂತಿರ್ತದೆ ಅಂದ್ರು. ನಾನು ಹೊಡ್ದೆ ಸಾ. ಕಾರು ಹೊರಟ ಸದ್ದು ಕೇಳಿಸ್ತು."

ಬಯ್ಯಲು ಪಂಚಾಕ್ಷರಯ್ಯನವರ ಬಾಯಿಗೆ ಬಂದ ಮಾತು ಯಾವುದೂ ಸಾಲುವಂತೆ ಕಾಣಲಿಲ್ಲ.

"ಆಮೇಲೆ ನಾನು ಬ್ಯಾಗ ಬ್ಯಾಗ ಸೋತೆ. ಕೈ ಏಳದಿದ್ರೂ ಒಂದೆಲ್ಡು ಗೇಮು ತಗೀಬೋದಾಗಿತ್ತು ಸಾ. ತಗೀನಿಲ್ಲ. ಬ್ಯಾಗ ಮುಗಿದ್ರೆ ಬ್ಯಾಗ ಆಸ್ಪತ್ರೆಗೆ ಓಗ್ಬೋದಲ್ಲ ಅಂತ. ಮುಗಿದೇಟಿಗೆ ಆಚೆ ಓಡ್ಬಂದೆ. ಕಾರು ಆಗ್ಲೇ ವಾಪಸು ಬಂದು ಹುಣಸೇಮರದ ಕೆಳಗೆ ನಿಂತಿತ್ತು. ಡ್ರೈವರು ಚಕ್ರ ತೊಳೀತಿದ್ದ. ಆಸ್ಪತ್ರೆಗೆ ಸೇರ್ಸಿಬಂದೋ, ಎದರ್ಬ್ಯಾಡ ಅಂದ. ಮಾರ್ನೆ ದಿನ ಬಸ್ಸತ್ತಿ ಹಾಸನದ ಆಸ್ಪತ್ರೆಗೆ ಓದೆ. ಅಂಥೋರು ಯಾರೂ ಇಲ್ಲ ಅಂದ್ರು. ಮೈಸೂರಿಗೆ ಸಾಗಿಸಿದ್ದೀವಿ ಅಂದ್ರು ಚೆನ್ನಯ್ಯನೋರು. ಆಮೇಲೆ ವಾಸಿ ಆಯ್ತು, ನಿನ್ನ ಮೊಕ ನೋಡಕಿಲ್ಲ ಅಂತಾನೆ, ತಮ್ಮ ಸಾಯ್ತಿದ್ರೆ ಆಟ ಆಡ್ತಾ ನಿಂತೋನು ಅಂತಾನೆ ಅಂದ್ರು. ಆ ಮಾತು ಕೇಳಿದ ಮ್ಯಾಲೆ ನಾನು ಯಾರ್ನ ಏನ್ ಕೇಳ್ಲಿ ಸಾ. ನಮ್ಮವ್ವ ದೊಡ್ಡತಾಯಮ್ಮ ದಿನಾ ಬಾಗ್ಲಲ್ಲಿ ಕೂತ್ಕಂಡು ಕಾಯ್ತದೆ."

"ಚಕ್ರದಲ್ಲಿ ಏನಿತ್ತು?"

"ಆ?"

"ಡ್ರೈವರು ಚಕ್ರ ತೊಳೀತಿದ್ದ ಅಂದೆಯಲ್ಲ. ಏನು ಮೆತ್ತಿತ್ತು?"

ಕೆಂಪಣ್ಣ ನೆನೆಸಿಕೊಂಡ. "ಮರಳು ಸಾ. ಒದ್ದೆ ಮರಳು."

ಪಂಚಾಕ್ಷರಯ್ಯ ಎದ್ದು ನಿಂತರು. ಎದುರಿಗೆ ಹೇಮಾವತಿ ಮರಳಿನ ಮೇಲೆ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ಅವರಿಗೆ ಅದನ್ನು ನೋಡಲಾಗಲಿಲ್ಲ.

"ನೀನು ಆವತ್ತು ಎಷ್ಟು ಹೊತ್ತು ಆಡಿದೆ, ಗೊತ್ತೆ?"

"ಗಡಿಯಾರ ಯಾರ್ ನೋಡಿದ್ರು ಸಾ. ನಂಗೆ ಒಂದು ಯುಗ ಆದಂಗಾಗಿತ್ತು."

"ಆ ಹಲಗೆ ಮೇಲೆ ಏನು ಬರೆದಿದೆ ಅಂತ ಯಾರೂ ನಿನಗೆ ಓದಿ ಹೇಳಲಿಲ್ಲವೆ?"

"ಸೋತಿದ್ದೀನಿ ಅಂತ ಬರ್ದದೆ ಅಂದ್ರು. ಅದ್ನೇನ್ ಓದುಸ್ಕಳೋದು ಸಾ."

"ಮೂವತ್ತೈದು ನಿಮಿಷ ಅಂತ ಬರೆದಿದೆ, ಕೆಂಪಣ್ಣ. ಚಿನ್ನದ ಅಕ್ಷರದಲ್ಲಿ. ತನ್ನ ಮಗ ಎಷ್ಟು ಬೇಗ ಗೆದ್ದ ಅಂತ ಮೆರೆಯೋಕೆ ಆ ಮೂರ್ಖ ಬರೆಸಿದ." ಅವರ ದನಿ ತೀರ ಇಳಿದುಹೋಗಿತ್ತು. "ಇಲ್ಲಿಂದ ಹಾಸನ ಇಪ್ಪತ್ತು ಮೈಲಿ. ಮಳೆ ಬಂದ ರಸ್ತೆ. ಹೋಗೋದಕ್ಕೇ ಒಂದು ಗಂಟೆ ಬೇಕು. ನಿನ್ನ ಮೊದಲನೇ ಚೆಂಡಿಗೆ ಹೊರಟ ಕಾರು, ನಿನ್ನ ಕೊನೇ ಚೆಂಡಿಗೆ ವಾಪಸು ಬಂದು, ಚಕ್ರ ತೊಳೆಸಿಕೊಳ್ತಾ ನಿಂತಿತ್ತು."

ಕೆಂಪಣ್ಣ ಅವರ ಮುಖವನ್ನೇ ನೋಡುತ್ತಿದ್ದ. ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಅವನು ಮೆಲ್ಲಗೆ ತಿರುಗಿ ಹೊಳೆಯ ಕಡೆ ನೋಡಿದ. ಅಳಲಿಲ್ಲ. ಎರಡು ವರ್ಷದಿಂದ ತಮ್ಮನ ಶಾಪ ಹೊತ್ತುಕೊಂಡಿದ್ದವನು. ಆ ಶಾಪ ಕೊಡಲು ತಮ್ಮ ಇರಲೇ ಇಲ್ಲವೆಂದು ಈಗ ತಿಳಿಯುತ್ತಿತ್ತು.

"ಆ ಸೋಲು ಅಳಿಸ್ತಾರಾ ಸಾ?" ಎಂದ.

"ಇವತ್ತೇ ಅಳಿಸ್ತೀನಿ ಅಂದ."

"ಅಳಿಸ್ಬ್ಯಾಡಿ ಅನ್ನಿ. ನಾನು ಸೋತಿವ್ನಿ ಸಾ. ಸೊನ್ನೆಗೇ ಸೋತಿವ್ನಿ. ಮದರಾಸು ಆಳಾಗೋಗ್ಲಿ, ಆ ಎಪ್ಪತ್ತೊಂಬತ್ತೂ ಬೇಕಾದ್ರೆ ಅಳಿಸ್ಕಳ್ಳಲಿ. ಆ ಒಂದು ಸೋಲು ಮಾತ್ರ ಇರ್ಲಿ ಅನ್ನಿ."

ಪಂಚಾಕ್ಷರಯ್ಯ ಆಗಲೇ ನಡೆಯತೊಡಗಿದ್ದರು. ತಾವೇ ಹೋಗಿ, ತಾವೇ ವಾದ ಮಾಡಿ, ತಾವೇ ಕೇಳಿ, ಕೊಲೆಗಿದ್ದ ಏಕೈಕ ಸಾಕ್ಷಿಯನ್ನು ಕೊಲೆಗಾರನ ಕೈಯಿಂದಲೇ ಅಳಿಸಲು ಒಪ್ಪಿಸಿ ಬಂದಿದ್ದರು. ವಯಸ್ಸಾದ ಕಾಲು ಓಡಲು ಕೇಳದಿದ್ದರೂ ಓಡಿದರು. ಕೆಂಪಣ್ಣ ಅವರನ್ನು ದಾಟಿಕೊಂಡು ಮುಂದೆ ಹೋದ. ಕ್ಲಬ್ಬಿನ ಮುಂಬಾಗಿಲನ್ನು ತಳ್ಳಿಕೊಂಡು, ಯಾರನ್ನೂ ಕೇಳದೆ ಒಳಗೆ ನುಗ್ಗಿದ.

ಗೋಡೆ ಬರಿದಾಗಿತ್ತು. ಹಲಗೆ ಇದ್ದಷ್ಟು ಜಾಗದಲ್ಲಿ ಸುಣ್ಣ ಹೊಸದಾಗಿ ಕಾಣುತ್ತಿತ್ತು.

ಹಿಂದುಗಡೆಯಿಂದ ಬಣ್ಣ ಸುಟ್ಟ ವಾಸನೆ ಬಂತು. ಬಚ್ಚಲ ಮನೆಯ ಹಂಡೆ ಒಲೆಯ ಮುಂದೆ ಚೆನ್ನಯ್ಯ ಶಲ್ಯವನ್ನು ಸೊಂಟಕ್ಕೆ ಬಿಗಿದುಕೊಂಡು ನಿಂತಿದ್ದರು. ಹಲಗೆ ನಾಲ್ಕು ಸೀಳಾಗಿ ಒಳಗೆ ಉರಿಯುತ್ತಿತ್ತು. ಚಿನ್ನದ ರೇಕು ಮುದುರಿಕೊಂಡು ಕರ್ರಗಾಗುತ್ತಿತ್ತು.

"ಬನ್ನಿ ಸ್ವಾಮಿ," ಎಂದರು ಚೆನ್ನಯ್ಯ, ಕೈ ಕೊಡವಿಕೊಳ್ಳುತ್ತ. "ಒಂದು ಸಾಲು ಕೆರೆಯೋದೇನು ಅಂತ ಪೂರಾ ತೆಗೆಸಿಬಿಟ್ಟೆ. ನೀವು ಕೇಳಿದ್ದೂ ಅದೇ ಅಲ್ಲವೆ?"

ಪಂಚಾಕ್ಷರಯ್ಯ ಏದುಸಿರು ಬಿಡುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕೆಂಪಣ್ಣ ಚೆನ್ನಯ್ಯನವರನ್ನು ನೋಡಲೇ ಇಲ್ಲ. ಅವನ ಕಣ್ಣು ಒಲೆಯ ಬಾಯಿಯ ಮೇಲಿತ್ತು. ಹಲಗೆಯ ಸೀಳುಗಳ ಜೊತೆಗೆ ಒಂದು ಬಿದಿರ ಬೊಂಬನ್ನೂ ಒಲೆಗೆ ತುರುಕಿದ್ದರು. ಒಂದು ತುದಿ ಆಗಲೇ ಕೆಂಡವಾಗಿತ್ತು. ಇನ್ನೊಂದು ತುದಿ ಹೊರಗೆ ಉಳಿದಿತ್ತು.

ಅವನು ಬಗ್ಗಿ ಬರಿಗೈಯಲ್ಲಿ ಅದನ್ನು ಎಳೆದುಕೊಂಡ. ಅಂಗೈ ಚುರ್ರೆಂದರೂ ಬಿಡಲಿಲ್ಲ. ಹುರಿ ಕಿತ್ತು, ಗೋಣಿಯ ಸುತ್ತು ಬಿಚ್ಚಿದ. ಗೋಣಿಯ ಕೆಳಗೆ, ಹೆಗಲಿಗೆ ಒತ್ತದಿರಲೆಂದು ಹರಿದು ಸುತ್ತಿದ ಟವೆಲಿನ ತುಂಡೊಂದಿತ್ತು. ಕೆಂಪು ಚೌಕುಳಿಯದು. ಅದರ ನಡುವೆ ಒಣಗಿ ಗಟ್ಟಿಯಾದ ರಕ್ತದ ಕಲೆ.

"ಚೆನ್ನಯ್ಯನೋರೆ," ಎಂದ ಕೆಂಪಣ್ಣ. ಬುದ್ಧಿ ಎನ್ನಲಿಲ್ಲ. "ಉರ್ದೋಗಿದ್ದು ನನ್ನ ಕಡೆ. ಇದು ನನ್ನ ತಮ್ಮನ ಕಡೆ."